ಪಾವಗಡದ ಏಳು ಪೈಸೆ

ಪಾವಗಡದ ಸೋಲಾರ್ ಪಾರ್ಕನ್ನು ಹೊಗಳುವವರು ಮೊದಲು ಅದರ ಅಳತೆ ಹೇಳುತ್ತಾರೆ: ನಾಗಲಮಡಿಕೆ ಹೋಬಳಿಯ ಐದು ಊರುಗಳು, ಸುಮಾರು 13,000 ಎಕರೆ, 2,050 ಮೆಗಾವಾಟ್. ಬೈಯುವವರು ಶುರುಮಾಡುವುದೂ ಅಲ್ಲಿಂದಲೇ. ನನ್ನ ಕಣ್ಣು ಹೋಗುವುದು ಇನ್ನೊಂದು ಅಂಕಿಯ ಮೇಲೆ. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ನಿಗದಿಯಾದ ಜಮೀನಿನ ಬಾಡಿಗೆಯಲ್ಲಿ ಈ ಯೋಜನೆಯ ಜಾಣತನವೂ ಇದೆ, ಕುರುಡುತನವೂ ಇದೆ.

ಜಾಣತನವನ್ನು ಮೊದಲು ಒಪ್ಪಿಕೊಳ್ಳೋಣ. ದೊಡ್ಡ ಯೋಜನೆ ಎಂದರೆ ನೋಟಿಸು, ಭೂಸ್ವಾಧೀನ, ಪರಿಹಾರಕ್ಕಾಗಿ ಕೋರ್ಟಿಗೆ ಅಲೆದಾಟ ಎಂಬುದು ನಮ್ಮ ಹಳ್ಳಿಗಳ ಅನುಭವ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲುಗಳಲ್ಲಿ ಹಾಗಾಗಲಿಲ್ಲ. ಕೇಂದ್ರದ ಸೌರಶಕ್ತಿ ನಿಗಮವೂ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಕೂಡ ಸೇರಿ 2015ರಲ್ಲಿ ಕಟ್ಟಿದ ಜಂಟಿ ಕಂಪನಿ ಹೊಲಗಳನ್ನು 28 ವರ್ಷದ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜದ ದುಡ್ಡೂ ಹುಟ್ಟದ ಕಡಲೆಕಾಯಿ ಹೊಲಕ್ಕೆ ಎಕರೆಗೆ 21,000 ಸಣ್ಣ ಮೊತ್ತವೇನಲ್ಲ. ರಸ್ತೆ, ಸಬ್‌ಸ್ಟೇಷನ್, ವಿದ್ಯುತ್ ಸಾಗಿಸುವ ಮಾರ್ಗ ಎಲ್ಲವನ್ನೂ ಸರ್ಕಾರವೇ ಮುಂದೆ ನಿಂತು ಸಿದ್ಧಮಾಡಿತು. ಕೇಂದ್ರದ ಸೋಲಾರ್ ಪಾರ್ಕ್ ಯೋಜನೆಯಿಂದ ಮೆಗಾವಾಟಿಗೆ ಗರಿಷ್ಠ 20 ಲಕ್ಷ ರೂಪಾಯಿವರೆಗೆ ನೆರವೂ ಇತ್ತು. ಖಾಸಗಿಯವರು ಸುತರಾಂ ಮೈಮೇಲೆ ಹಾಕಿಕೊಳ್ಳದ ತಾಪತ್ರಯವನ್ನು ಸರ್ಕಾರ ಹೊತ್ತುಕೊಂಡಿತು. ಸಾರ್ವಜನಿಕ ಹಣ ಮಾಡಬೇಕಾದ ಕೆಲಸವೇ ಅದು. 2016ರಲ್ಲಿ ಯೂನಿಟ್ಟಿಗೆ 4 ರೂಪಾಯಿ 80 ಪೈಸೆಯ ಆಸುಪಾಸಿನಲ್ಲಿದ್ದ ಹರಾಜಿನ ದರ 2018ರ ಹೊತ್ತಿಗೆ ಮೂರು ರೂಪಾಯಿಗಿಂತ ಕೆಳಗಿಳಿಯಿತು. (ಜಗತ್ತಿನೆಲ್ಲೆಡೆ ಫಲಕಗಳ ಬೆಲೆ ಬಿದ್ದದ್ದು ಇದಕ್ಕೆ ದೊಡ್ಡ ಕಾರಣ, ಅದರ ಕೀರ್ತಿಯನ್ನು ವಿಧಾನಸೌಧ ತನ್ನ ಖಾತೆಗೆ ಬರೆದುಕೊಳ್ಳುವ ಹಾಗಿಲ್ಲ.) 2018ರ ಮಾರ್ಚಿನಲ್ಲಿ ಸಿದ್ದರಾಮಯ್ಯನವರು 'ಶಕ್ತಿಸ್ಥಳ' ಎಂಬ ಹೆಸರಿನಲ್ಲಿ ಪಾರ್ಕನ್ನು ಉದ್ಘಾಟಿಸಿದರು, 2019ರ ಕೊನೆಗೆ ಅದು ಪೂರ್ತಿಯಾಯಿತು.

ಆದರೆ ಬಾಡಿಗೆ ಸಿಗುವುದು ಪಹಣಿ ಇದ್ದವನಿಗೆ. ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಹೋಗುತ್ತಿದ್ದ ಹೆಂಗಸರಿಗೆ ಪಹಣಿ ಇರಲಿಲ್ಲ. ಬಗರ್ ಹುಕುಂ ಸಾಗುವಳಿಯವರಿಗೆ ಸ್ವಾಧೀನವಿತ್ತು, ಹಕ್ಕುಪತ್ರ ಇರಲಿಲ್ಲ. ಬೀಳು ಹೊಲಗಳಲ್ಲಿ ಮಂದೆ ಬಿಡುತ್ತಿದ್ದ ಕುರಿಗಾಹಿಗೆ ಈಗ ಎದುರಾಗುವುದು ತಂತಿಬೇಲಿ. ಇವರಿಗೆಲ್ಲ ಉತ್ತರವಾಗಿ ಸರ್ಕಾರ ತೋರಿಸಿದ್ದು ಉದ್ಯೋಗವನ್ನು. ಸೌರ ಸ್ಥಾವರದ ಸ್ವಭಾವ ಗೊತ್ತಿದ್ದವರು ಆ ಮಾತನ್ನು ಆಗಲೇ ಅನುಮಾನಿಸಬೇಕಿತ್ತು. ಗುಂಡಿ ತೋಡುವಾಗ, ಕಂಬ ನೆಡುವಾಗ, ಫಲಕ ಕೂರಿಸುವಾಗ ಸಾವಿರಾರು ಕೈ ಬೇಕು. ಸ್ವಿಚ್ ಹಾಕಿದ ಮೇಲೆ ಉಳಿಯುವುದು ಕಾವಲು, ಹುಲ್ಲು ಕೊಯ್ಲು, ಫಲಕ ತೊಳೆಯುವ ಕೆಲಸ, ಅದೂ ಹೊರಗುತ್ತಿಗೆಯಲ್ಲಿ. ತೊಳೆಯಲು ಬರದ ನಾಡಿನ ನೀರೇ ಬೇಕು. ನೀರಿಲ್ಲದೆ ಒರೆಸುವ ಯಂತ್ರ ತಂದರೆ ನೀರು ಉಳಿಯುತ್ತದೆ, ಒರೆಸುವವರ ಕೂಲಿ ಹೋಗುತ್ತದೆ. ಇನ್ನು ಫಲಕ ತಯಾರಿಸುವ ಕಾರ್ಖಾನೆಯ ಕೆಲಸ: ಆ ವರ್ಷಗಳಲ್ಲಿ ಭಾರತ ಬಳಸಿದ ಫಲಕಗಳಲ್ಲಿ ಹೆಚ್ಚಿನವು ಚೀನಾದವು. ಸ್ವದೇಶಿ ತಯಾರಿಕೆಗೆ ಉತ್ತೇಜನ, ಆಮದಿನ ಮೇಲೆ ಶೇ 40ರ ಸುಂಕ ಬಂದದ್ದು ಪಾವಗಡ ಮುಗಿದ ಮೇಲೆ.

ಜಮೀನು ಕೊಟ್ಟವರ ಸ್ಥಿತಿಯೂ ಕಾಲ ಕಳೆದಂತೆ ತೆಳುವಾಗುವಂಥದ್ದೇ. ಬಾಡಿಗೆ ಏರುವುದು ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತವೆ ಎಂದಿಟ್ಟುಕೊಂಡು ಗುಣಿಸಿ ನೋಡಿ: 28ನೇ ವರ್ಷ ರೈತನ ಕೈಗೆ ಬರುವ ದುಡ್ಡಿಗೆ ಮೊದಲ ವರ್ಷದ ಬಾಡಿಗೆಯ ಸುಮಾರು ಅರ್ಧದಷ್ಟು ಬೆಲೆ ಮಾತ್ರ ಇರುತ್ತದೆ. ಅಷ್ಟರಲ್ಲಿ ಉಳುಮೆ ಮರೆತ ಒಂದು ತಲೆಮಾರು ಬೆಳೆದಿರುತ್ತದೆ.

ತಪ್ಪು ಎಲ್ಲಾಯಿತು? ಹರಾಜಿನ ನಮೂನೆಯಲ್ಲಿ ಎನ್ನುವುದು ನನ್ನ ಅಭಿಪ್ರಾಯ. ಯೂನಿಟ್ಟಿಗೆ ಯಾರು ಕಡಿಮೆ ದರ ಕೂಗುತ್ತಾರೋ ಅವರಿಗೆ ಗುತ್ತಿಗೆ. ಎಷ್ಟು ಸ್ಥಳೀಯರಿಗೆ ಎಷ್ಟು ವರ್ಷದ ಕೆಲಸ ಕೊಡುತ್ತೀರಿ ಎಂಬುದಕ್ಕೆ ಅಂಕವೇ ಇಲ್ಲ. ವೇದಿಕೆಯ ಮೇಲೆ ಉದ್ಯೋಗ, ಟೆಂಡರಿನಲ್ಲಿ ಬರೀ ಪೈಸೆ. ದಕ್ಷಿಣ ಆಫ್ರಿಕಾ 2011ರಲ್ಲಿ ಆರಂಭಿಸಿದ ಹರಾಜುಗಳಲ್ಲಿ ನೂರರಲ್ಲಿ ಎಪ್ಪತ್ತು ಅಂಕ ದರಕ್ಕೆ, ಮೂವತ್ತು ಅಂಕ ಉದ್ಯೋಗ, ಸ್ಥಳೀಯ ಪಾಲುದಾರಿಕೆ ಮುಂತಾದವಕ್ಕೆ ಇಟ್ಟಿತು. ಸುತ್ತಲಿನ ಜನಸಮುದಾಯಕ್ಕೆ ಸ್ಥಾವರದ ಒಡೆತನದಲ್ಲೂ ಪಾಲಿರಬೇಕೆಂದಿತು. ಅಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಆದರೆ ಉದ್ಯೋಗ ಬೇಕೆಂದ ಸರ್ಕಾರ ಅದನ್ನು ಕರಾರಿನಲ್ಲೇ ಬರೆಯಿತು.

ಹಾಗೆ ಮಾಡಿದರೆ ವಿದ್ಯುತ್ ದುಬಾರಿಯಾಗುತ್ತದೆ ಎನ್ನುವವರಿದ್ದಾರೆ. ಎಷ್ಟು ದುಬಾರಿ ಎಂದು ಅಂದಾಜು ಹಾಕಬಹುದು. ಇಷ್ಟು ದೊಡ್ಡ ಪಾರ್ಕ್ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್ ಕೊಡಬಲ್ಲದು. ಅಷ್ಟೂ ಎಕರೆಗೆ ಮೊದಲ ದರದಲ್ಲಿ ಬಾಡಿಗೆ ಕೊಟ್ಟರೂ ಆಗುವುದು 27 ಕೋಟಿ ರೂಪಾಯಿ. ಅಂದರೆ ಮೂರು ನಾಲ್ಕು ರೂಪಾಯಿಗೆ ಮಾರುವ ಒಂದು ಯೂನಿಟ್ಟಿನಲ್ಲಿ ನೆಲದ ಪಾಲು ಏಳೇ ಪೈಸೆ. ಅದರ ಮೇಲೆ ಇನ್ನೊಂದು ಪೈಸೆ ಸೇರಿಸಿದರೆ ವರ್ಷಕ್ಕೆ ನಾಲ್ಕು ಕೋಟಿ ಒದಗುತ್ತದೆ. ತಿಂಗಳಿಗೆ 15,000ದಂತೆ ಇನ್ನೂರಕ್ಕೂ ಹೆಚ್ಚು ಮಂದಿಗೆ ಸಂಬಳ ಕೊಡಬಹುದು. ಮತ್ತೊಂದು ಪೈಸೆಯಲ್ಲಿ ಬಗರ್ ಹುಕುಂ ರೈತರಿಗೆ, ಭೂಮಿಯಿಲ್ಲದ ಮನೆಗಳಿಗೆ ವರ್ಷಾಶನದಂಥ ಮೊತ್ತ ಕೊಡಬಹುದು. ಫಲಕಗಳನ್ನು ಇನ್ನಷ್ಟು ಎತ್ತರಕ್ಕೆ ಕೂರಿಸಿ ಕೆಳಗೆ ಕುರಿ ಮೇಯಲು ಬಿಟ್ಟರೆ ಹುಲ್ಲು ಕೊಯ್ಯಿಸುವ ಖರ್ಚೂ ಒಂದಷ್ಟು ಉಳಿದೀತು.

ಪಾರ್ಕನ್ನು ಇನ್ನಷ್ಟು ಸಾವಿರ ಎಕರೆಗೆ ವಿಸ್ತರಿಸುವ ಮಾತನ್ನು ಸರ್ಕಾರ ಆಡುತ್ತಿದೆ. ಜಮೀನು ಕೊಡಲು ಮುಂದೆ ಬರುವ ರೈತರು ಈ ಸಲವೂ ಇರುತ್ತಾರೆ. ಬಾಡಿಗೆ ಪದ್ಧತಿ ಅಷ್ಟರಮಟ್ಟಿಗೆ ನಂಬಿಕೆ ಗಳಿಸಿದೆ. ಹೊಸ ಟೆಂಡರಿನಲ್ಲಿ ದರದ ಪಕ್ಕ ಇನ್ನೊಂದು ಕಾಲಂ ಇರುತ್ತದೆಯೇ ಎಂಬುದನ್ನು ಮಾತ್ರ ಗುದ್ದಲಿ ಪೂಜೆಗೆ ಮೊದಲೇ ಕೇಳಬೇಕು. ಕರಾರಿಗೆ ಸಹಿ ಬಿದ್ದ ಮೇಲೆ ಆ ಪ್ರಶ್ನೆಗೆ 28 ವರ್ಷ ಕಾಯಬೇಕಾಗುತ್ತದೆ.