ಎಡಕಲ್ಲು: ಹೆಸರು, ಹೇಳಿಕೆ, ಕಲ್ಲು

ಸೋಜಿಗದ ತಾಣಗಳನ್ನು ಬಣ್ಣಿಸುವ ಲೇಖನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ಕೇಳಿದ ಕಥೆಯನ್ನು ಕೇಳಿದಂತೆಯೇ ಬರೆದು ಕೈಮುಗಿಯುತ್ತವೆ. ಇಲ್ಲವೆ ಅದನ್ನು ಅಜ್ಜಿಕಥೆಯೆಂದು ತಳ್ಳಿಹಾಕಿ ಇಸವಿಗಳ ಪಟ್ಟಿಯನ್ನು ಕೊಡುತ್ತವೆ. ಎರಡೂ ಅರೆಕೆಲಸವೆಂದು ನಮ್ಮ ಅಭಿಪ್ರಾಯ. ವಯನಾಡಿನ ಎಡಕಲ್ಲನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ.

ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯಿಂದಲೂ, ಅದನ್ನಾಧರಿಸಿ 1973ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರದಿಂದಲೂ ಈ ಹೆಸರು ಕನ್ನಡಿಗರ ಮನೆಮಾತಾಯಿತು. ಆದರೆ ಹೆಸರನ್ನು ಬಲ್ಲವರೆಲ್ಲರೂ ಕಲ್ಲನ್ನು ಬಲ್ಲವರಲ್ಲ. ನಾವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದಾಗ ಒಬ್ಬ ಹುಡುಗನು, “ಮಾಸ್ಟ್ರೇ, ಬಲಕಲ್ಲು ಎಲ್ಲಿದೆ?” ಎಂದು ಕೇಳಿದನು. ಉಳಿದವರು ನಕ್ಕರು. ಪ್ರಶ್ನೆ ನಗುವಂಥದಾಗಿರಲಿಲ್ಲ. ಇಲ್ಲಿಯದು ಬಲಕ್ಕೆದುರಾದ ಎಡವಲ್ಲ. ‘ಎಡೆಬಿಡದೆ’ ಎಂಬ ಮಾತಿನಲ್ಲಿರುವ ಎಡೆ, ಎಂದರೆ ನಡುವಣ ತೆರಪು. ಮಲೆಯಾಳದಲ್ಲಿಯೂ ಆ ಹೆಸರಿಗೆ ನಡುವಿನ ಕಲ್ಲೆಂದೇ ಅರ್ಥ. ಅಂಬುಕುತ್ತಿ ಬೆಟ್ಟದಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ, ಬಂಡೆ ಸೀಳಿದೆ. ಆ ಸೀಳಿನ ಮೇಲೆ ಹೆಬ್ಬಂಡೆಯೊಂದು ಸಿಕ್ಕಿಕೊಂಡು ಮಾಡಿನಂತೆ ನಿಂತಿದೆ. ಗುಹೆಯೆಂದು ಕರೆಯುವುದು ಇದನ್ನೇ.

ಲವಕುಶರ ಬಾಣ ನೆಟ್ಟು ಬೆಟ್ಟ ಸೀಳಿತೆಂದು ಊರವರ ಹೇಳಿಕೆ. ಬೆಟ್ಟದ ಹೆಸರಿನಲ್ಲಿಯೇ ಅಂಬು ಇದೆ. ಇದು ಇತಿಹಾಸವಲ್ಲ, ನಿಜ. ಆದರೂ ಇದು ಕೊರೆದ ಗುಹೆಯಲ್ಲ, ಬಿರಿದ ಬಂಡೆ ಎಂಬುದನ್ನು ಕಥೆ ಕಟ್ಟಿದವರು ಸರಿಯಾಗಿಯೇ ಗುರುತಿಸಿದ್ದರು.

1890ರ ದಶಕದಲ್ಲಿ ಮಲಬಾರಿನ ಪೋಲೀಸ್ ಅಧಿಕಾರಿ ಫಾಸೆಟ್ ಎಂಬವರು ಇದನ್ನು ಕಂಡುಹಿಡಿದರೆಂದು ಪುಸ್ತಕಗಳು ಹೇಳುತ್ತವೆ. ಗೋಡೆಯ ಮೇಲೆ ಗೀರಿದ ಮನುಷ್ಯರ, ಪ್ರಾಣಿಗಳ ಆಕೃತಿಗಳನ್ನು 1901ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ವಿವರಿಸಿದ ಅವರ ಉಪಕಾರ ದೊಡ್ಡದು. ಆದರೆ ಬೆಟ್ಟದ ದೇವಿಗಾಗಿ ಅಲ್ಲಿಗೆ ಏರುತ್ತಿದ್ದ ಜನರು ಅದನ್ನು ಮೊದಲೇ ಕಂಡಿದ್ದರು. ಲೋಕಕ್ಕೆ ತಿಳಿಸಿದರೆನ್ನೋಣ, ಕಂಡುಹಿಡಿದರೆಂಬುದು ಸಲ್ಲದು.

ವಿದ್ವಾಂಸರ ಮಾತೂ ಪರೀಕ್ಷೆಗೆ ಹೊರತಲ್ಲ. ಗೀರುಚಿತ್ರಗಳನ್ನು ನವಶಿಲಾಯುಗದವೆನ್ನುತ್ತಾರೆ, ಬಹು ಕಾಲದ ಬಳಿಕದ ತಮಿಳು-ಬ್ರಾಹ್ಮಿ ಬರಹಗಳೂ, ವಿಷ್ಣುವರ್ಮನ ಹೆಸರಿರುವ ಸಂಸ್ಕೃತ ಬರಹವೂ ಅಲ್ಲಿವೆ. 2009ರಲ್ಲಿ, ಒಂದು ಆಕೃತಿಯನ್ನು ಮಡಕೆ ಹಿಡಿದ ಮನುಷ್ಯನೆಂದು ಓದಿ ಸಿಂಧೂ ನಾಗರಿಕತೆಯೊಡನೆ ನಂಟು ಬೆಸೆಯುವ ವಾದ ಹುಟ್ಟಿತು. ಹೋಲಿಕೆಯೊಂದನ್ನೇ ನಂಬಿ ಅಷ್ಟು ದೂರ ಹೋದರೆ ಅದೂ ಲವಕುಶರ ಬಾಣವೇ. ನಾವೂ ಈ ದೋಷದಿಂದ ಮುಕ್ತರಲ್ಲ. ವಿಷ್ಣುವರ್ಮನ ಹೆಸರು ಕಂಡೊಡನೆ ಕದಂಬರ ಅರಸನೇ ಇವನೆಂದು, ಆದುದರಿಂದ ಬೆಟ್ಟವೂ ನಮ್ಮದೆಂದು, ಕನ್ನಡಿಗರಾದ ನಾವು ಹಿಗ್ಗುವುದುಂಟು. ಹೆಸರೊಂದೇ ಸಾಕ್ಷಿಯಾಗಲಾರದು. ಗಡಿಯಲ್ಲಿರುವ ನಮಗೆ ಈ ಎಚ್ಚರ ಉಳಿದವರಿಗಿಂತ ಹೆಚ್ಚಾಗಿ ಬೇಕು. ನಮ್ಮ ಒಂದು ಹುಸಿ ವಾದದಿಂದ ನಮ್ಮ ಹತ್ತು ನಿಜಗಳ ಬೆಲೆಯೂ ಇಳಿಯುತ್ತದೆ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ತಮ್ಮೂರಿನ ತಾಣದ ವಿಷಯ ಬರೆಯುವಾಗ ಹೆಸರು, ಹೇಳಿಕೆ, ಕಲ್ಲು ಈ ಮೂರನ್ನೂ ಬೇರೆಬೇರೆಯಾಗಿ ಬರೆದಿಡಲಿ. ಒಂದರ ಬಾಯಲ್ಲಿ ಇನ್ನೊಂದರ ಮಾತನ್ನು ಆಡಿಸದಿರಲಿ. ಮಕ್ಕಳು ಕೇಳುವ ಪ್ರಶ್ನೆಗೆ ನಗದಿರಲಿ. ಅರ್ಥ ತಿಳಿದ ಮೇಲೆ ಆ ಹುಡುಗನು ತಲೆಯೆತ್ತಿ ನಡುಗಲ್ಲನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದನು.