ಅಭಿನಯವೆಂಬ ಕಾವ್ಯವ್ಯಾಖ್ಯಾನ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಪೂಜಾಕುಣಿತದಲ್ಲಿ ಕುಣಿಯುವವನಿಗೆ ಸಾಹಿತ್ಯದ ಆಸರೆ ಬೇಕಿಲ್ಲ. ತಲೆಯ ಮೇಲೆ ಪೂಜೆಯನ್ನು ಹೊತ್ತು ತಮಟೆಯ ಗತ್ತಿಗೆ ಹೆಜ್ಜೆಯಿಡುವಾಗ ಲಯವೂ ತೂಕವೂ ಸಮನಾಗಿ ನಿಂತರೆ ಕಲೆ ಸಾರ್ಥಕ. ನೆರೆಯ ಮೈಸೂರಿನ ಅರಮನೆಯಲ್ಲಿ ಬೆಳೆದ ನಾಟ್ಯದ ಮಾರ್ಗ ಬೇರೆ. ಅಲ್ಲಿ ಸಾಹಿತ್ಯವೇ ಅಭಿನಯದ ಜೀವ. ಈ ಮಾರ್ಗದ ಹಿರಿಯ ಪ್ರತಿನಿಧಿ ಕೆ. ವೆಂಕಟಲಕ್ಷಮ್ಮನವರ (1906–2002) ಶಿಕ್ಷಣವನ್ನೂ ವೃತ್ತಿಯನ್ನೂ ಪರಿಶೀಲಿಸಿದರೆ, ಅಭಿನಯವು ಕಾವ್ಯಕ್ಕೆ ಮಾಡಿದ ವ್ಯಾಖ್ಯಾನವೆಂಬುದು ವಿಶದವಾಗುವುದು.

ಕಡೂರು ಸೀಮೆಯ ಲಂಬಾಣಿ ಕುಟುಂಬದಲ್ಲಿ ಜನಿಸಿದ ಅವರು ಎಂಟನೆಯ ವಯಸ್ಸಿನಲ್ಲಿ ಆಸ್ಥಾನನರ್ತಕಿ ಜಟ್ಟಿ ತಾಯಮ್ಮನವರ ಶಿಷ್ಯೆಯಾದರು. ಹನ್ನೆರಡನೆಯ ವಯಸ್ಸಿನಲ್ಲಿ ರಂಗಪ್ರವೇಶ ಮಾಡಿದರು. ನಾಟ್ಯದೊಡನೆ ಆಸ್ಥಾನ ವಿದ್ವಾಂಸರಿಂದ ಸಂಸ್ಕೃತವನ್ನೂ, ಬಿ. ದೇವೇಂದ್ರಪ್ಪ, ಸಿ. ರಾಮರಾವ್ ಇವರಿಂದ ಸಂಗೀತವನ್ನೂ ಕಲಿತರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯನ್ನಾಗಿ ನೇಮಿಸಿದರು.

ನರ್ತಕಿಗೆ ಸಂಸ್ಕೃತವೇಕೆ? ಪದ, ಜಾವಳಿ, ಶ್ಲೋಕಗಳ ಅಭಿನಯದಲ್ಲಿ ಒಂದೇ ಪಂಕ್ತಿಯನ್ನು ಗಾಯಕರು ಮತ್ತೆ ಮತ್ತೆ ಹಾಡುವರು. ಪ್ರತಿಯೊಂದು ಆವೃತ್ತಿಯಲ್ಲಿಯೂ ನರ್ತಕಿ ಹೊಸದೊಂದು ಭಾವವನ್ನು ತೋರಬೇಕು. ‘ಬಂದೆಯಾ’ ಎಂಬ ಮಾತು ವಾಸಕಸಜ್ಜೆಯಲ್ಲಿ ಹರ್ಷ, ಖಂಡಿತೆಯಲ್ಲಿ ಕೊಂಕು. ಪದಪದಕ್ಕೂ ಮುದ್ರೆ ಹಿಡಿಯುವುದು ಪ್ರತಿಪದಾರ್ಥ ಮಾತ್ರ. ಧ್ವನಿಯನ್ನು ಹೊರತರುವುದೇ ವ್ಯಾಖ್ಯಾನ. ನಾಯಿಕಾಭೇದವನ್ನೂ ಸಂಚಾರಿಭಾವಗಳನ್ನೂ ಕಾವ್ಯದಲ್ಲಿ ಕಂಡರಿಯದವಳಿಗೆ ಇದು ಸಾಧ್ಯವಲ್ಲ. ಸ್ಪೇಯಿನ್ ದೇಶದ ಫ್ಲಮೆಂಕೊ ನೃತ್ಯದಲ್ಲಿಯೂ ನರ್ತಕಿ ಗಾಯಕನ ಕೊರಳಿಗೆ ಆ ಕ್ಷಣದಲ್ಲಿಯೇ ಉತ್ತರ ಕೊಡುವಳು. ಆದರೆ ಆಕೆಯ ಉತ್ತರ ಮುಖ್ಯವಾಗಿ ಪಾದಘಾತದಲ್ಲಿಯೂ ದೇಹದ ನಿಲುವಿನಲ್ಲಿಯೂ ಇರುವುದು. ಮೈಸೂರಿನ ನರ್ತಕಿಯ ಉತ್ತರ ಅರ್ಥವಿಸ್ತಾರದಲ್ಲಿದೆ.

1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯವಿಭಾಗಕ್ಕೆ ಅವರು ರೀಡರ್ ಆಗಿ ಬಂದರು, 1974ರಲ್ಲಿ ನಿವೃತ್ತರಾದರು. 1992ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಸಂದಿತು. ಅರಮನೆಯ ವಿದ್ಯೆ ಹೀಗೆ ಸರ್ವರಿಗೂ ದೊರೆಯುವಂತಾದುದು ಲಾಭವೇ ಸರಿ. ಆದರೆ ಪಾಠಪಟ್ಟಿಗೂ ಪರೀಕ್ಷೆಗೂ ಒಪ್ಪುವುದು ನಿಶ್ಚಿತವಾದ ಸಂಯೋಜನೆ. ಆಶುವಾಗಿ ಹೊಮ್ಮುವ ಭಾವಕ್ಕೆ ಅಂಕಗಳ ಅಳತೆ ಹೊಂದದು. ಗುರು ಕಲ್ಪಿಸಿದ ಸಂಚಾರಿಯನ್ನು ಶಿಷ್ಯೆ ಕಂಠಪಾಠದಂತೆ ಒಪ್ಪಿಸಿದರೆ ಉಳಿಯುವುದು ವ್ಯಾಖ್ಯಾನದ ಪ್ರತಿ, ವ್ಯಾಖ್ಯಾನಶಕ್ತಿಯಲ್ಲ.

ಆದುದರಿಂದ ವೆಂಕಟಲಕ್ಷಮ್ಮನವರ ಪರಂಪರೆಯನ್ನು ಕಾಪಾಡುವುದೆಂದರೆ ಅವರು ಕಲಿಸಿದ ಪದಗಳನ್ನು ಮಾತ್ರ ಕಾಪಾಡುವುದಲ್ಲ, ಅವರು ಕಲಿತ ಕ್ರಮವನ್ನೂ ಕಾಪಾಡುವುದು. ನೃತ್ಯಶಾಲೆಯಲ್ಲಿ ಕಾವ್ಯಪಾಠವೂ ನಡೆಯಬೇಕು. ಸಾಹಿತ್ಯದ ಅಧ್ಯಾಪಕರೂ ಅಭಿನಯವನ್ನು ಕಾವ್ಯಮೀಮಾಂಸೆಯ ಪ್ರಯೋಗವೆಂದು ಗಣಿಸಬೇಕು. ಇವೆರಡೂ ಅಗಲಿದರೆ ಮುದ್ರೆ ಉಳಿದೀತು, ಮಾತು ಮರೆಯಾದೀತು.