ಪೊರೆಯನ್ನು ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಹೈಸ್ಕೂಲಿನಲ್ಲಿ ಕೋಶಪೊರೆಯ ಚಿತ್ರ ಬರೆಯದವರು ಕಡಿಮೆ. ಎದುರುಬದುರಾಗಿ ಎರಡು ಸಾಲು ಗುಂಡುತಲೆಗಳು, ತಲೆಗೆ ಎರಡೆರಡು ಬಾಲ, ನಡುವೆ ಅಲ್ಲೊಂದು ಇಲ್ಲೊಂದು ದಪ್ಪ ಪ್ರೋಟೀನು. ಪರೀಕ್ಷೆಗೆ ಅಷ್ಟು ಸಾಕು, ರುಚಿ ಹತ್ತುವುದಕ್ಕೆ ಸಾಲದು. ಆ ಚಿತ್ರದಲ್ಲಿ ಏನೂ ಅಲುಗಾಡುವುದಿಲ್ಲ; ಒಳಮೈ ಹೊರಮೈ ಒಂದೇ ಥರ ಕಾಣುತ್ತವೆ. ಪೊರೆಯ ಸೊಗಸಿರುವುದೋ ಅದರ ಓಡಾಟದಲ್ಲಿ ಮತ್ತು ಎರಡು ಮೈಗಳ ವ್ಯತ್ಯಾಸದಲ್ಲಿ. ಹೊಸಬರು ಇವೆರಡರ ಮೇಲೆ ಕಣ್ಣಿಟ್ಟರೆ ಆಯಿತು.

ಜಗತ್ತಿನ ಪೊರೆಗಳನ್ನೆಲ್ಲ ಒಟ್ಟಿಗೆ ಅರಗಿಸಿಕೊಳ್ಳಲು ಹೋಗಬೇಡಿ. ಕೆಂಪು ರಕ್ತಕಣದಿಂದ ಶುರುಮಾಡಿ. ಮನುಷ್ಯನ ಕೆಂಪು ಕಣದಲ್ಲಿ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯವೂ ಇಲ್ಲ. ನೀರಿನಲ್ಲಿ ಅದನ್ನು ಉಬ್ಬಿಸಿ ಒಡೆದು, ಹಿಮೋಗ್ಲೋಬಿನ್ ತೊಳೆದುಬಿಟ್ಟರೆ ಉಳಿಯುವುದು ಹೊರಗಿನ ಪೊರೆಯೊಂದೇ. ಪ್ರಯೋಗಾಲಯದವರು ಈ ಬಿಳಿಚಿದ ಸಿಪ್ಪೆಗಳಿಗೆ ‘ಘೋಸ್ಟ್’ ಎಂದೇ ಹೆಸರಿಟ್ಟಿದ್ದಾರೆ. ಪೊರೆಯ ಗುಟ್ಟುಗಳಲ್ಲಿ ಎಷ್ಟೋ ಹೊರಬಿದ್ದದ್ದು ಈ ದೆವ್ವಗಳ ಬಾಯಿಂದ.

1925ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ಕಣಗಳ ಕೊಬ್ಬನ್ನು ಅಸಿಟೋನಿನಲ್ಲಿ ಇಳಿಸಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಕಣಗಳ ಒಟ್ಟು ಮೈಯ ಎರಡರಷ್ಟು ಜಾಗವನ್ನು ಅದು ಆವರಿಸಿತು. ಅಂದಮೇಲೆ ಪೊರೆ ಎರಡು ಪದರದ್ದು. ನಿಜಕ್ಕೂ ಅವರು ಕೊಬ್ಬನ್ನು ಪೂರ್ತಿ ಇಳಿಸಿರಲಿಲ್ಲ, ಕಣದ ಮೈಯಳತೆಯನ್ನೂ ಕಡಿಮೆ ಹಿಡಿದಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿ ಬಂತು! ಗಣಿತದ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರೇನೋ, ಜೀವಶಾಸ್ತ್ರ ಮಾತ್ರ ಅವರನ್ನು ಇಂದಿಗೂ ನೆನೆಯುತ್ತದೆ.

ಎರಡೇ ಪದರ ಏಕೆಂದರೆ, ಫಾಸ್ಫೋಲಿಪಿಡ್ ಎಂಬ ಈ ಕೊಬ್ಬಿನ ಅಣುವಿನ ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಒಳಗೂ ನೀರು ಹೊರಗೂ ನೀರು ಇರುವಲ್ಲಿ ಬಾಲಗಳು ನಡುವೆ ಅವಿತುಕೊಳ್ಳುತ್ತವೆ. ಯಾರೂ ಜೋಡಿಸಬೇಕಾಗಿಲ್ಲ. ಪ್ರೋಟೀನುಗಳೂ ಸೇರಿ ದಪ್ಪ 7-8 ನ್ಯಾನೋಮೀಟರ್.

ಇನ್ನು ಓಡಾಟ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದರು. ಇಲಿಯ ಪ್ರೋಟೀನಿಗೆ ಹಸಿರು, ಮನುಷ್ಯನದಕ್ಕೆ ಕೆಂಪು ಬಣ್ಣದ ಗುರುತು. ಬೆಸೆದಾಗ ಅರ್ಧ ಹಸಿರು ಅರ್ಧ ಕೆಂಪಿದ್ದ ಕೋಶದಲ್ಲಿ 37 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಕಳೆಯುವಷ್ಟರಲ್ಲಿ ಬಣ್ಣಗಳು ಬೆರೆತುಹೋದವು. ತಣ್ಣಗಿಟ್ಟರೆ ಬೆರೆಯಲಿಲ್ಲ. ಎರಡು ವರ್ಷ ಕಳೆದು ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ‘ದ್ರವ ಮೊಸಾಯಿಕ್’ ಮಾದರಿಯೇ ಇಂದಿನ ಪಠ್ಯಪುಸ್ತಕದ ಚಿತ್ರಕ್ಕೆ ಮೂಲ. ದ್ರವವನ್ನು ಅಚ್ಚು ಹಾಕುವುದು ಹೇಗೆ? ಹಾಗಾಗಿ ಮೊಸಾಯಿಕ್ ಮಾತ್ರ ನಮ್ಮ ಪಾಲಿಗೆ ಬಂತು. ಪೊರೆಯ ಲಿಪಿಡ್ ಅಣು ತನ್ನ ಪದರದೊಳಗೆ ಸೆಕೆಂಡಿಗೆ ಸುಮಾರು 2 ಮೈಕ್ರೋಮೀಟರ್ ಸಾಗಬಲ್ಲದು. ಅದೇ ಅಣು ತಾನಾಗಿ ಆಚೆ ಪದರಕ್ಕೆ ಮಗುಚಿಕೊಳ್ಳಲು ಗಂಟೆಗಳು, ಒಮ್ಮೊಮ್ಮೆ ದಿನಗಳೇ ಬೇಕು. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಶೀಸೆಯಲ್ಲೇ ಹೆಪ್ಪುಗಟ್ಟಿರುತ್ತದೆ, ಪಕ್ಕದ ಕಡಲೆಕಾಯಿ ಎಣ್ಣೆ ಸಲೀಸಾಗಿ ಸುರಿಯುತ್ತದೆ. ಪೊರೆಯಲ್ಲಿ ನಡೆಯುವುದೂ ಇದೇ. ನೇರ ಬಾಲಗಳು ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ, ಸೊಟ್ಟ ಬಾಲಗಳು ಸಡಿಲವಾಗಿರುತ್ತವೆ. ಊರೆಲ್ಲ ಬೈಯುವ ಕೊಲೆಸ್ಟ್ರಾಲ್ ಈ ಬಾಲಗಳ ನಡುವೆ ಸೇರಿಕೊಂಡು ಸೆಕೆಯಲ್ಲಿ ಅತಿಯಾದ ಓಡಾಟಕ್ಕೆ ಲಗಾಮು ಹಾಕುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟದಂತೆ ತಡೆಯುತ್ತದೆ. ಲ್ಯಾಬ್ ರಿಪೋರ್ಟು ನೋಡಿ ಹೆದರುವ ಮೊದಲು ಅದರ ಈ ಕಸುಬನ್ನೂ ಗಮನಿಸುವುದು ನ್ಯಾಯ.

ಪೊರೆ ಕೆಡುವುದನ್ನು ಬರಿಗಣ್ಣಲ್ಲಿ ನೋಡಬೇಕೆಂದರೆ ಬೀಟ್‌ರೂಟ್ ಹೆಚ್ಚಿ. ಕತ್ತಿ ತಾಗಿದ ಕೋಶಗಳ ಬಣ್ಣ ಹೋಗುವವರೆಗೆ ಹೋಳುಗಳನ್ನು ಚೆನ್ನಾಗಿ ತೊಳೆಯಿರಿ. ಒಂದನ್ನು ತಣ್ಣೀರಿಗೆ, ಇನ್ನೊಂದನ್ನು ಕೈ ಅದ್ದಲಾಗದಷ್ಟು ಬಿಸಿಯ ನೀರಿಗೆ ಹಾಕಿ. ತಣ್ಣೀರು ಹೆಚ್ಚುಕಡಿಮೆ ತಿಳಿಯಾಗೇ ಉಳಿಯುತ್ತದೆ. ಬಿಸಿನೀರಿನಲ್ಲಿ ಹೋಳಿನ ಅಂಚಿನಿಂದ ಕೆಂಪು ಎಳೆಎಳೆಯಾಗಿ ಇಳಿದು ತಳದಲ್ಲಿ ನಿಲ್ಲುತ್ತದೆ. ಬಣ್ಣವನ್ನು ಅಷ್ಟು ಹೊತ್ತೂ ಕೂಡಿಹಾಕಿದ್ದದ್ದು ಪೊರೆಗಳು.

ಪ್ರೋಟೀನುಗಳಲ್ಲಿ ನನ್ನ ಮೆಚ್ಚಿನದು ಅಕ್ವಾಪೋರಿನ್. ಅಮೆರಿಕದ ಪೀಟರ್ ಆಗ್ರೆ ಕೆಂಪು ಕಣದ ಪೊರೆಯಲ್ಲಿ ಹುಡುಕುತ್ತಿದ್ದದ್ದು ಆರ್‌ಎಚ್ ಎಂಬ ರಕ್ತಗುಂಪಿನ ಪ್ರೋಟೀನನ್ನು. ಜೊತೆಗೆ ಕಲಬೆರಕೆಯಾಗಿ ಇದು ಸಿಕ್ಕಿತು. ಕೆಲಸವೇನೆಂದು ತಿಳಿಯಲು ಇದರ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗೆ ಚುಚ್ಚಿ, ಉಪ್ಪಿನಂಶ ತೀರ ಕಡಿಮೆಯಿದ್ದ ನೀರಿಗೆ ಬಿಟ್ಟರು. ಬರೀ ಮೊಟ್ಟೆಗಳು ಹಾಗೇ ಇದ್ದವು, ಚುಚ್ಚಿದವು ಉಬ್ಬಿ ಒಡೆದವು. ನೀರಿಗೆಂದೇ ಇರುವ ದಾರಿ ಸಿಕ್ಕಿತ್ತು. ಈ ದಾರಿಯಲ್ಲಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ಸೆಕೆಂಡಿಗೆ ನೂರಾರು ಕೋಟಿ ಲೆಕ್ಕದಲ್ಲಿ ನುಗ್ಗುತ್ತವೆ. ಅವಕ್ಕಿಂತ ಎಷ್ಟೋ ಚಿಕ್ಕದಾದ ಪ್ರೋಟಾನಿಗೆ ಮಾತ್ರ ಪ್ರವೇಶವಿಲ್ಲ. ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಹತ್ತಿರದಲ್ಲೇ ದುಡಿಯುವ ಸೋಡಿಯಂ-ಪೊಟ್ಯಾಸಿಯಂ ಪಂಪು ಮೂರು ಸೋಡಿಯಂ ಹೊರಗಟ್ಟಿ ಎರಡು ಪೊಟ್ಯಾಸಿಯಂ ಒಳಗೆಳೆಯುತ್ತದೆ, ಪ್ರತಿ ಸಲವೂ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣು ಒಂದು ಖರ್ಚು.

ಈಗ ಎರಡು ಮೈಗಳ ವ್ಯತ್ಯಾಸಕ್ಕೆ ಬನ್ನಿ. ಸಕ್ಕರೆಯ ಸರಪಳಿಗಳು ಹೊರಮೈಯಲ್ಲಿ ಮಾತ್ರ ಇರುತ್ತವೆ. ನಿಮ್ಮ ರಕ್ತ ಎ ಗುಂಪೋ ಬಿ ಗುಂಪೋ ಎಂಬುದು ಅವುಗಳ ತುದಿಯಲ್ಲಿರುವ ಒಂದು ಸಕ್ಕರೆಯ ಮೇಲೆ ನಿಂತಿದೆ. ಓ ಗುಂಪಿನಲ್ಲಿ ಆ ತುದಿ ಖಾಲಿ, ಕೆಳಗಿನ ಎಚ್ ಎಂಬ ಬುಡ ಮಾತ್ರ ಇರುತ್ತದೆ. ಆ ಬುಡವೂ ಇಲ್ಲದವರನ್ನು 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದರು. ಅದೇ ಬಾಂಬೆ ರಕ್ತದ ಗುಂಪು. ಮಾಮೂಲಿ ಪರೀಕ್ಷೆಯಲ್ಲಿ ಇವರು ಓ ಎಂದೇ ಕಾಣುತ್ತಾರೆ. ಆದರೆ ಓ ರಕ್ತ ಕೊಟ್ಟರೆ ಜೀವಕ್ಕೇ ಸಂಚಕಾರ, ತಮ್ಮದೇ ಗುಂಪಿನವರ ರಕ್ತ ಬೇಕು. ಕರ್ನಾಟಕದಲ್ಲೂ ಇಂಥವರಿದ್ದಾರೆ.

ಒಳಮೈಯಲ್ಲಿ ಬೇರೆಯೇ ಕಥೆ. ಫಾಸ್ಫಟಿಡೈಲ್‌ಸೆರಿನ್ ಎಂಬ ಲಿಪಿಡ್ ಒಳಪದರದಲ್ಲೇ ಇರಬೇಕು. ಮಗುಚಿಕೊಳ್ಳುವುದು ಕಷ್ಟ ಎಂದೆನಲ್ಲ, ಆ ಕಷ್ಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಷ್ಟಾದರೂ ಹೊರಗೆ ಜಾರಿದವನ್ನು ಎಟಿಪಿ ಖರ್ಚುಮಾಡಿ ಒಳಗೆ ದಬ್ಬುವ ಪ್ರೋಟೀನುಗಳಿವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮುದಿಯಾದ ಕಣದ ಹೊರಮೈಯಲ್ಲಿ ಈ ಲಿಪಿಡ್ ಕಾಣಿಸಿಕೊಂಡರೆ, ಅದನ್ನು ನುಂಗಿಹಾಕುವಂತೆ ಭಕ್ಷಕ ಕೋಶಗಳಿಗೆ ಸಿಗುವ ಸೂಚನೆಗಳಲ್ಲಿ ಅದೂ ಒಂದು.

ಕೆಂಪು ಕಣ ಕೈವಶವಾದ ಮೇಲೆ ನರತಂತುವಿನ ಮೈಲಿನ್ ಪೊರೆಯನ್ನೂ ಮೈಟೊಕಾಂಡ್ರಿಯದ ಒಳಪೊರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರ ಕೆಲಸ ವಿದ್ಯುತ್ ಸೋರದಂತೆ ಕಾಯುವುದು. ಅದರ ತೂಕದಲ್ಲಿ ಪ್ರೋಟೀನಿನ ಪಾಲು ಐದನೇ ಒಂದರಷ್ಟು, ಮಿಕ್ಕದ್ದೆಲ್ಲ ಕೊಬ್ಬು. ಎರಡನೆಯದು ಎಟಿಪಿ ತಯಾರಾಗುವ ಜಾಗ, ಅಲ್ಲಿ ಮುಕ್ಕಾಲು ಪಾಲು ಪ್ರೋಟೀನೇ.